ಡಿಸೈನರ್ ಮೇಲು, ಟೈಲರ್ ಕೀಳು ಎಂಬ ಸುಳ್ಳು

ಮಲೆನಾಡಿನ ಸೀತೂರಿನಿಂದ ಇಬ್ಬರು ಹುಡುಗಿಯರು ಒಂದೇ ರಾತ್ರಿ ಬೆಂಗಳೂರಿಗೆ ಹೊರಟರು ಅಂತಿಟ್ಟುಕೊಳ್ಳಿ. ಒಬ್ಬಳು ಯಾವುದೋ ಖಾಸಗಿ ಕಾಲೇಜಿಗೆ ಫ್ಯಾಷನ್ ಡಿಸೈನಿಂಗ್ ಸೇರಲು ಹೋಗುವವಳು. ಅವಳಪ್ಪ ಅಡಿಕೆ ಮಾರಿದ ದುಡ್ಡಿಗೆ ಸೊಸೈಟಿ ಸಾಲ ಸೇರಿಸಿ ಮೊದಲ ವರ್ಷದ ಫೀಸು ಕಟ್ಟಿದ್ದಾನೆ. ಇನ್ನೊಬ್ಬಳು ಪಿಯುಸಿ ಮುಗಿಸಿ, ಪೀಣ್ಯದ ಹತ್ತಿರ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ಗಾರ್ಮೆಂಟ್ಸ್‌ಗೆ ಹೋಗುವವಳು. ಮೊದಲನೆಯವಳ ಸುದ್ದಿಯನ್ನು ಮನೆಯವರು ಮದುವೆ ಊಟದ ಪಂಕ್ತಿಯಲ್ಲಿ ನಾಲ್ಕು ಎಲೆ ಆಚೆಗೂ ಕೇಳುವ ಹಾಗೆ ಹೇಳುತ್ತಾರೆ. ಎರಡನೆಯವಳ ವಿಷಯ ಯಾರಾದರೂ ಕೆದಕಿದರೆ "ಬೆಂಗಳೂರಲ್ಲಿ ಒಂದು ಕಂಪನೀಲಿ ಇದಾಳೆ" ಅಂದು ಮಾತು ಮುಗಿಸಿ, ಹೋಳಿಗೆಗೆ ತುಪ್ಪ ಕೇಳುತ್ತಾರೆ.

ಇಬ್ಬರೂ ಹೊರಟಿರುವುದು ಒಂದೇ ಉದ್ಯಮಕ್ಕೆ. ಒಂದೇ ಅಂಗಿಗೆ. ಆದರೆ ಫ್ಯಾಷನ್ ಬೇರೆ, ಗಾರ್ಮೆಂಟ್ಸ್ ಬೇರೆ ಎಂಬ ನಂಬಿಕೆ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಎಷ್ಟು ಗಟ್ಟಿಯಾಗಿ ಬೇರೂರಿದೆ ಅಂದರೆ, ಅದನ್ನು ಪ್ರಶ್ನಿಸುವವನನ್ನೇ ಜನ ಒಂದು ಥರ ನೋಡುತ್ತಾರೆ. ಫ್ಯಾಷನ್ ಅಂದರೆ ಬುದ್ಧಿ, ಕಲ್ಪನೆ, ಇಂಗ್ಲಿಷು, ಏಸಿ ರೂಮು. ಗಾರ್ಮೆಂಟ್ಸ್ ಅಂದರೆ ಕೈ, ಬೆವರು, ಟಾರ್ಗೆಟ್ಟು, ಬೇರೆ ಗತಿಯಿಲ್ಲದವರ ಪಾಡು. ನಾನು ಈ ಲೇಖನದಲ್ಲಿ ಹೇಳಲು ಹೊರಟಿರುವುದು ಇಷ್ಟೇ: ಈ ವಿಂಗಡಣೆ ಶುದ್ಧ ಸುಳ್ಳು. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು, ಇದು ಇಬ್ಬರು ಹುಡುಗಿಯರ ದಾರಿಯನ್ನೂ ಒಟ್ಟಿಗೆ ಮುಚ್ಚುವ ಸುಳ್ಳು.

ಮೊದಲು ಫೀಸು ಕಟ್ಟಿದವಳ ಕತೆ ನೋಡೋಣ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ ಕೆರಿಯರ್ ಗೈಡೆನ್ಸ್ ಎಂಬ ಸಭೆಗಳು ನಡೆಯುತ್ತವೆ. ಕರಪತ್ರದಲ್ಲಿ ರ‍್ಯಾಂಪ್ ಮೇಲೆ ನಡೆಯುವ ಎತ್ತರದ ಹುಡುಗಿಯ ಚಿತ್ರ. ಭಾಷಣಕಾರರು "ನಿಮ್ಮ ಪ್ಯಾಷನ್ ಏನು?" ಎಂದು ಕೇಳುತ್ತಾರೆ. ಬಟ್ಟೆ ಕತ್ತರಿಸಲು ಬರುತ್ತದಾ ಎಂದು ಯಾರೂ ಕೇಳುವುದಿಲ್ಲ. ಕೋರ್ಸು ಮುಗಿಸಿದವರು ಯಾವ ಕುರ್ಚಿಯಲ್ಲಿ ಕೂರುತ್ತಾರೆ ಎಂಬುದನ್ನಂತೂ ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಬಹುಪಾಲು ಮಂದಿ ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್ ಆಗುತ್ತಾರೆ, ಇಲ್ಲವೇ ಸ್ಯಾಂಪ್ಲಿಂಗ್ ವಿಭಾಗದಲ್ಲಿ ಸಹಾಯಕರಾಗುತ್ತಾರೆ, ಕ್ವಾಲಿಟಿ ನೋಡುತ್ತಾರೆ, ಬಟ್ಟೆ ಸರಬರಾಜು ನೋಡಿಕೊಳ್ಳುತ್ತಾರೆ, ಮಳಿಗೆಗಳಲ್ಲಿ ಮಾರಾಟ ನಿರ್ವಹಿಸುತ್ತಾರೆ. ಒಂದು ಬ್ರ್ಯಾಂಡಿಗೆ ಬೇಕಾಗುವ ಡಿಸೈನರ್‌ಗಳು ಬೆರಳೆಣಿಕೆ. ಆ ಡಿಸೈನನ್ನು ಅಂಗಿಯಾಗಿಸಲು ಬೇಕಾದವರು ಸಾವಿರಾರು. ಬೆಂಗಳೂರಿನಲ್ಲಿ ಆ ಸಾವಿರಾರು ಮಂದಿ ಕೂರುವುದು ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಹೊಸೂರು ರಸ್ತೆಗಳ ಕಟ್ಟಡಗಳಲ್ಲಿ. ಮೇಲಿನ ಮಹಡಿಯಲ್ಲಿ ಮರ್ಚಂಡೈಸಿಂಗ್, ಕೆಳಗೆ ಹೊಲಿಗೆಯ ಲೈನುಗಳು. ಲಕ್ಷಗಟ್ಟಲೆ ಸುರಿದು ಕಲಿತವಳು ಕೊನೆಗೆ ಹೋಗಿ ಸೇರುವುದು ಅದೇ ಕಟ್ಟಡವನ್ನು. ಊರು ಹೆಸರು ಹೇಳಲು ನಾಚುವ ಆ ಗಾರ್ಮೆಂಟ್ಸ್ ಅನ್ನೇ.

ಅಲ್ಲಿ ಸಂದರ್ಶನದಲ್ಲಿ ಅವಳನ್ನು ಏನು ಕೇಳುತ್ತಾರೆ? ಮೂಡ್ ಬೋರ್ಡ್ ತೋರಿಸು ಎಂದು ಕೇಳಬಹುದು. ಆದರೆ ಅನುಭವಸ್ಥನೊಬ್ಬ ಎದುರು ಕೂತಿದ್ದರೆ ಅವನ ಪ್ರಶ್ನೆ ನೇರ: ಈ ಶರ್ಟಿಗೆ ಬಟ್ಟೆ ಎಷ್ಟು ಹೋಗುತ್ತದೆ? ಕೊಪ್ಪದ ಯಾವ ಬಟ್ಟೆ ಅಂಗಡಿಯ ಹುಡುಗನನ್ನು ಕೇಳಿದರೂ 58 ಇಂಚು ಪನ್ನದಲ್ಲಿ ಶರ್ಟಿಗೆ 1.60 ಮೀಟರ್, ಪ್ಯಾಂಟಿಗೆ 1.20 ಎಂದು ತಲೆ ಎತ್ತದೆ ಹೇಳುತ್ತಾನೆ. ಕಾರ್ಖಾನೆಯಲ್ಲಿ ಇದೇ ಲೆಕ್ಕ ಕೋಟಿಗಳ ಲೆಕ್ಕ. ಒಂದು ಲಕ್ಷ ಶರ್ಟಿನ ಆರ್ಡರ್ ಇದೆ ಎನ್ನಿ. ಭಾಗಗಳನ್ನು ಜಾಣತನದಿಂದ ಜೋಡಿಸಿ ಶರ್ಟಿಗೆ ಎರಡೇ ಸೆಂಟಿಮೀಟರ್ ಬಟ್ಟೆ ಉಳಿಸಿದರೆ 2,000 ಮೀಟರ್ ಉಳಿಯಿತು. ಇನ್ನೂ 1,250 ಶರ್ಟಿಗೆ ಸಾಕಾಗುವ ಬಟ್ಟೆ ಅದು. ಸಿದ್ಧ ಉಡುಪಿನ ಖರ್ಚಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ಬಟ್ಟೆಯದೇ ಆಗಿರುವುದರಿಂದ, ಈ ಎರಡು ಸೆಂಟಿಮೀಟರ್ ಉಳಿಸಬಲ್ಲವಳನ್ನು ಯಾವ ಮಾಲೀಕನೂ ಬಿಟ್ಟುಕೊಡುವುದಿಲ್ಲ. ಆ ಲೆಕ್ಕ ಬರಬೇಕಾದರೆ ಕೈಯಲ್ಲಿ ಕತ್ತರಿ ಹಿಡಿದಿರಬೇಕು. ಕಂಪ್ಯೂಟರ್ ಪರದೆಯ ಮೇಲೆ ಉದ್ದ ಕಾಲಿನ ಬೊಂಬೆಗಳಿಗೆ ಬಣ್ಣ ತುಂಬಿದ್ದರೆ ಸಾಲದು.

ತೋಳಿನ ವಿಷಯ ತೆಗೆದುಕೊಳ್ಳಿ. ಬ್ಲೌಸಿನ ತೋಳು ನೋಡಲು ಸರಳ. ಆದರೆ ತೋಳಿನ ಮೇಲ್ಭಾಗದ ಬಾಗನ್ನು ಅಳೆದರೆ ಅದು ಬಗಲಿನ ಸುತ್ತಳತೆಗಿಂತ ಸ್ವಲ್ಪ ಹೆಚ್ಚಿರುತ್ತದೆ. ಆ ಹೆಚ್ಚಿನ ಬಟ್ಟೆಯನ್ನು ಒಂದು ಸುಕ್ಕೂ ಕಾಣದ ಹಾಗೆ ಭುಜದ ಆಚೀಚೆ ಹಂಚಿ ಹೊಲಿಯಬೇಕು. ಮುಂದಿನ ಬಾಗು ಬೇರೆ, ಬೆನ್ನಿನ ಕಡೆಯ ಬಾಗು ಬೇರೆ. ಬಗಲನ್ನು ಅರ್ಧ ಇಂಚು ಕೆಳಗಿಳಿಸಿದರೆ ತೊಡಲು ಸಡಿಲ ಅನ್ನಿಸುತ್ತದೆ, ಆದರೆ ಕೈ ಎತ್ತಿದ ಕೂಡಲೇ ಇಡೀ ಬ್ಲೌಸು ಮೇಲೆ ಬರುತ್ತದೆ. ನಮ್ಮ ಕಡೆಯ ಹೆಂಗಸರು ದಿನಕ್ಕೆ ಎಷ್ಟು ಸಲ ಕೈ ಎತ್ತುತ್ತಾರೆ: ಅಟ್ಟಕ್ಕೆ, ಹೂವಿನ ಗಿಡಕ್ಕೆ, ಕಾಳುಮೆಣಸಿನ ಬಳ್ಳಿಗೆ, ಬಸ್ಸಿನ ಸರಳಿಗೆ. ಊರಿನ ಟೈಲರ್ ಅಕ್ಕನಿಗೆ ಇದು ಗೊತ್ತು. ಅಳತೆ ಬ್ಲೌಸ್ ತಂದುಕೊಟ್ಟವಳ ನಡಿಗೆ ನೋಡಿಯೇ ಎಡ ಭುಜ ಸ್ವಲ್ಪ ಇಳಿದಿದೆ ಎಂದು ಗುರುತು ಹಾಕಿಕೊಳ್ಳುತ್ತಾಳೆ. ಟಕ್ಸ್ ಎಲ್ಲಿ ನಿಲ್ಲಬೇಕು, ಲೈನಿಂಗ್ ಎಷ್ಟು ಸಡಿಲ ಬಿಡಬೇಕು, ರೇಷ್ಮೆಗೆ ಯಾವ ಸೂಜಿ, ಹತ್ತಿಗೆ ಯಾವುದು, ಎಲ್ಲ ಅವಳ ಬೆರಳಿನಲ್ಲಿದೆ. ಪೇಟೆಯ ಕಾರ್ಖಾನೆಯಲ್ಲಿ ಈ ವಿದ್ಯೆಗೆ ಪ್ಯಾಟರ್ನ್ ಮೇಕಿಂಗ್, ಫಿಟ್, ಗ್ರೇಡಿಂಗ್ ಎಂಬ ದೊಡ್ಡ ಹೆಸರುಗಳಿವೆ. ನುರಿತ ಪ್ಯಾಟರ್ನ್ ಮಾಸ್ಟರ್ ರಜೆ ಹಾಕಿದ ದಿನ ಸ್ಯಾಂಪಲ್ ವಿಭಾಗ ಕೈಕಟ್ಟಿ ಕೂರುತ್ತದೆ. ಊರಿನಲ್ಲಿ ಮಾತ್ರ ಆ ಟೈಲರ್ ಅಕ್ಕ "ಬ್ಲೌಸ್ ಹೊಲಿಯೋಳು."

ಪ್ರಪಂಚದ ದೊಡ್ಡ ಹೆಸರುಗಳ ಕಡೆ ಬೊಟ್ಟು ಮಾಡಿ "ನೋಡಿ, ಫ್ಯಾಷನ್ ಅಂದರೆ ಇದು" ಎನ್ನುವವರಿಗೆ ಆ ಹೆಸರುಗಳ ಚರಿತ್ರೆಯನ್ನೇ ಒಮ್ಮೆ ತೆರೆದು ತೋರಿಸಬೇಕು. ಅಲೆಕ್ಸಾಂಡರ್ ಮೆಕ್‌ಕ್ವೀನ್ ಲಂಡನ್ನಿನ ಟ್ಯಾಕ್ಸಿ ಚಾಲಕನ ಮಗ. 16ಕ್ಕೆ ಶಾಲೆ ಬಿಟ್ಟು ಸ್ಯಾವಿಲ್ ರೋ ಬೀದಿಯ ದರ್ಜಿ ಮಳಿಗೆಯಲ್ಲಿ ಕೋಟು ಹೊಲಿಯಲು ಕಲಿತ. ಮುಂದೆ ಅಲ್ಲಿನ ಹೆಸರಾಂತ ಕಲಾ ಕಾಲೇಜಿಗೆ ಹೋದದ್ದು ಕಲಿಯಲಿಕ್ಕಲ್ಲ, ಪ್ಯಾಟರ್ನ್ ಕತ್ತರಿಸುವುದನ್ನು ಕಲಿಸುವ ಕೆಲಸ ಕೇಳಿಕೊಂಡು. ಅವರು ಅವನನ್ನು ವಿದ್ಯಾರ್ಥಿಯಾಗಿ ಸೇರಿಸಿಕೊಂಡರು. ಬಾಲೆನ್ಸಿಯಾಗ ಹುಟ್ಟಿದ್ದು ಸ್ಪೇನಿನ ಗೆಟಾರಿಯಾ ಎಂಬ ಮೀನುಗಾರರ ಊರಿನಲ್ಲಿ. ತಾಯಿ ಹೊಲಿಗೆ ಹಾಕಿ ಸಂಸಾರ ಸಾಗಿಸುತ್ತಿದ್ದವಳು, ಮಗ ಬಾಲ್ಯದಲ್ಲೇ ದರ್ಜಿಯ ಬಳಿ ಕೆಲಸಕ್ಕೆ ನಿಂತ. ಅವನು ಬಟ್ಟೆ ಕಲ್ಪಿಸುವುದಷ್ಟೇ ಅಲ್ಲ, ತಾನೇ ಕತ್ತರಿಸಿ ತಾನೇ ಹೊಲಿದು ಮುಗಿಸಬಲ್ಲವನಾಗಿದ್ದ ಎಂಬುದು ಪ್ಯಾರಿಸ್ಸಿನ ಬೇರೆ ಡಿಸೈನರ್‌ಗಳೂ ಒಪ್ಪಿದ ಮಾತು. ಶನೆಲ್ ಹೊಲಿಗೆ ಕಲಿತದ್ದು ಅನಾಥಾಲಯದಲ್ಲಿ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮೈಗೆ ಹರಿಯುವ ಉಡುಪು ಕೊಟ್ಟ ಮದ್ಲೀನ್ ವಿಯೊನೆ ಎಳೆಯ ಹುಡುಗಿಯಾಗಿದ್ದಾಗಲೇ ಹೊಲಿಗೆಯವಳ ಕೈಕೆಳಗೆ ಸೇರಿದ್ದಳು. ಇವರಲ್ಲಿ ಒಬ್ಬರಾದರೂ ಸೂಜಿಯನ್ನು ದಾಟಿಕೊಂಡು ಮೇಲೆ ಹೋದವರಲ್ಲ. ಸೂಜಿ ಹಿಡಿದೇ ಹೋದವರು.

ನಮ್ಮ ದೇಶದ ನಿಫ್ಟ್ ಸಂಸ್ಥೆಯ ಹುಟ್ಟನ್ನೇ ನೋಡಿ. 1986ರಲ್ಲಿ ದೆಹಲಿಯಲ್ಲಿ ಅದನ್ನು ಶುರು ಮಾಡಿದ್ದು ಸಂಸ್ಕೃತಿ ಇಲಾಖೆಯಲ್ಲ, ಜವಳಿ ಸಚಿವಾಲಯ. ರಫ್ತು ಆಗುವ ಸಿದ್ಧ ಉಡುಪಿಗೆ ತರಬೇತಾದ ಜನ ಬೇಕಿತ್ತು. ಗಾರ್ಮೆಂಟ್ಸ್ ಇದ್ದದ್ದರಿಂದ ನಿಫ್ಟ್ ಹುಟ್ಟಿತೇ ಹೊರತು ನಿಫ್ಟ್‌ನಿಂದ ಗಾರ್ಮೆಂಟ್ಸ್ ಹುಟ್ಟಲಿಲ್ಲ. ಬೆಂಗಳೂರಿಗೆ ಅದು 1997ರಲ್ಲಿ ಬಂದದ್ದೂ ಈ ಊರು ಆ ಹೊತ್ತಿಗಾಗಲೇ ಅಂಗಿಗಳ ಊರಾಗಿತ್ತು ಎಂಬ ಕಾರಣಕ್ಕೇ. ನಿಫ್ಟ್ ಒಳ್ಳೆಯ ಸಂಸ್ಥೆ, ಸೀಟು ಸಿಕ್ಕವರು ಹೋಗಲಿ. ಆದರೆ ಪ್ರವೇಶ ಪರೀಕ್ಷೆ ಕನ್ನಡದಲ್ಲಿಲ್ಲ, ನಾಲ್ಕು ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ ಖರ್ಚು ಬರುತ್ತದೆ, ತಯಾರಿಗೆ ಕೋಚಿಂಗು ಬೇರೆ. ಸೀಟು ಸಿಗದವರನ್ನು ಬಾಚಿಕೊಳ್ಳಲು ಖಾಸಗಿ ಅಂಗಡಿಗಳು ಕಾದಿರುತ್ತವೆ. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಇರುತ್ತದೆ, ಒಳಗೆ ಹೊಲಿಗೆ ಯಂತ್ರ ಎಷ್ಟಿವೆ ಎಂದು ಎಣಿಸಲು ಹೋದ ಅಪ್ಪ ನನಗಂತೂ ಇನ್ನೂ ಸಿಕ್ಕಿಲ್ಲ. ಅಡಿಕೆ ಖರೀದಿಗೆ ಬಂದ ವ್ಯಾಪಾರಿಯ ತಕ್ಕಡಿಯನ್ನು ಮೂರು ಸಲ ಪರೀಕ್ಷಿಸುವ ನಮ್ಮ ಜನ ಕಾಲೇಜಿನ ಕರಪತ್ರವನ್ನು ಮಾತ್ರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಳ್ಳುತ್ತಾರೆ.

ಅದೇ ಬೆಂಗಳೂರಿನ ಕೆ.ಆರ್. ಸರ್ಕಲ್‌ನಲ್ಲಿ 1938ರಲ್ಲಿ ಶುರುವಾದ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ ಇದೆ. ಎಸ್‌ಕೆಎಸ್‌ಜೆಟಿಐ ಎಂದರೆ ಹೆಚ್ಚು ಜನಕ್ಕೆ ಗೊತ್ತಾದೀತು. ಸಿಇಟಿ ಬರೆದು ಸರ್ಕಾರಿ ಫೀಸಿನಲ್ಲಿ ಜವಳಿ ತಂತ್ರಜ್ಞಾನ, ರೇಷ್ಮೆ ತಂತ್ರಜ್ಞಾನ ಓದಬಹುದಾದ ಸಂಸ್ಥೆ. ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಎಸ್ಸೆಸ್ಸೆಲ್ಸಿ ನಂತರವೇ ಸೇರಬಹುದಾದ ಅಪೆರಲ್ ಡಿಸೈನ್ ಡಿಪ್ಲೊಮಾ ಇದೆ. ಐಟಿಐಗಳಲ್ಲಿ ಡ್ರೆಸ್ ಮೇಕಿಂಗ್, ಸೂಯಿಂಗ್ ಟೆಕ್ನಾಲಜಿ ಟ್ರೇಡುಗಳಿವೆ. ಇವುಗಳ ಹೆಸರು ಗೈಡೆನ್ಸ್ ಸಭೆಗಳಲ್ಲಿ ಬರುವುದೇ ಅಪರೂಪ. ಬಂದರೂ ಮಾರ್ಕ್ಸ್ ಕಡಿಮೆ ಬಂದವರಿಗೆ ಕೊಡುವ ಸಮಾಧಾನದ ಧಾಟಿಯಲ್ಲಿ. ಕಾರಣ ಸರಳ: ಇವನ್ನು ಹೇಳಿದರೆ ಯಾರಿಗೂ ಕಮಿಷನ್ ಸಿಗುವುದಿಲ್ಲ.

ಈಗ ಎರಡನೆಯ ಹುಡುಗಿ. ಇಲ್ಲಿ ನನ್ನ ವಾದಕ್ಕೆ ಬರುವ ಆಕ್ಷೇಪ ಹಗುರದ್ದಲ್ಲ. "ಗಾರ್ಮೆಂಟ್ಸ್ ಅಂದರೆ ಶೋಷಣೆ ಕಣ್ರೀ, ಅಲ್ಲಿ ಹೆಣ್ಣುಮಕ್ಕಳನ್ನು ಹಿಂಡಿ ಹಿಪ್ಪೆ ಮಾಡುತ್ತಾರೆ, ಅದಕ್ಕೆ ನೀವು ಫ್ಯಾಷನ್ ಕೆರಿಯರ್ ಅಂತ ಜರಿ ಅಂಚು ಹಚ್ಚಬೇಡಿ" ಎನ್ನುತ್ತಾರೆ, ಅದೂ ಓದಿಕೊಂಡವರು. ಅವರು ಹೇಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟು, ಸೂಪರ್‌ವೈಸರನ ಬೈಗುಳ, ಕನಿಷ್ಠ ವೇತನದ ಗೆರೆ ದಾಟದ ಸಂಬಳ, ಎಲ್ಲ ಇದೆ. ಬಾಂಗ್ಲಾದೇಶದ ಢಾಕಾ ಬಳಿ, ಗಾರ್ಮೆಂಟ್ಸ್ ಘಟಕಗಳಿದ್ದ ರಾಣಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದಾಗ ಸತ್ತ 1,100ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಹೆಂಗಸರು, ಅವರು ಹೊಲಿಯುತ್ತಿದ್ದದ್ದು ಹೊರದೇಶದ ಬ್ರ್ಯಾಂಡ್‌ಗಳ ಅಂಗಿಗಳನ್ನು. ಇದನ್ನು ಮರೆಯಬೇಕೆಂದು ನಾನು ಹೇಳುತ್ತಿಲ್ಲ.

ಆದರೆ ಈ ಆಕ್ಷೇಪಕ್ಕೆ ಬೆಂಗಳೂರಿನ ಹೆಂಗಸರೇ ಒಂದು ಉತ್ತರ ಕೊಟ್ಟಿದ್ದಾರೆ. ಪಿ.ಎಫ್. ಖಾತೆಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಕರೆ ಕೊಟ್ಟ ದೊಡ್ಡ ನಾಯಕ ಯಾರೂ ಇರಲಿಲ್ಲ. ಎರಡನೆಯ ದಿನ ಮುಗಿಯುವುದರೊಳಗೆ ಸರ್ಕಾರ ಆ ನಿಯಮ ಹಿಂದೆ ತೆಗೆದುಕೊಂಡಿತು. ಬೇರೆ ಗತಿಯಿಲ್ಲದವರು ಎಂದು ನಾವು ಕನಿಕರಿಸುವ ಇದೇ ಹೆಂಗಸರು ದೇಶದ ಸರ್ಕಾರವನ್ನು ಎರಡು ದಿನದಲ್ಲಿ ಬಗ್ಗಿಸಿದರು. ಅವರಿಗೆ ಬೇಕಾದ್ದು ನಮ್ಮ ಕನಿಕರವಲ್ಲ, ಮೇಲಿನ ಮಹಡಿಗೆ ಹೋಗುವ ಮೆಟ್ಟಿಲು.

ಆ ಮೆಟ್ಟಿಲು ಯಾಕಿಲ್ಲ? ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಬೆಂಗಳೂರಿನ ಗಾರ್ಮೆಂಟ್ಸ್ ಘಟಕಗಳಲ್ಲಿ ಒಂದು ಅಧ್ಯಯನ ಮಾಡಿದ್ದರು. ಹೊಲಿಯುವ ಹೆಂಗಸರಲ್ಲಿ ಕೆಲವರಿಗೆ ಮಾತುಗಾರಿಕೆ, ಸಮಯ ನಿರ್ವಹಣೆ, ಹಣದ ಲೆಕ್ಕಾಚಾರದಂಥ ತರಬೇತಿ ಕೊಟ್ಟು, ಉಳಿದವರೊಡನೆ ಹೋಲಿಸಿ ನೋಡಿದರು. ತರಬೇತಿ ಪಡೆದವರ ಕೆಲಸದ ಗತಿ ಏರಿತು, ಕಂಪನಿಗೆ ಖರ್ಚಿನ ಎಷ್ಟೋ ಪಟ್ಟು ಲಾಭ ಬಂತು. ಹೆಂಗಸರ ಸಂಬಳ ಏರಿದ್ದು ಮಾತ್ರ ನೂರು ರೂಪಾಯಿಗೆ ಅರ್ಧ ರೂಪಾಯಿಯಷ್ಟು, ಹೆಸರಿಗೆ. ಕಲಿತದ್ದಕ್ಕೆ ಬೆಲೆ ಇದೆ, ಆ ಬೆಲೆ ಕಲಿತವಳ ಕೈಗೆ ಬರುವುದಿಲ್ಲ. ಏಕೆಂದರೆ ಅವಳಿಗೆ ಏನು ಬರುತ್ತದೆ ಎಂಬುದಕ್ಕೆ ಕಾಗದವಿಲ್ಲ. ಹತ್ತು ವರ್ಷ ಕಾಲರ್ ಕೂರಿಸಿದವಳೂ ಟೈಲರ್, ನಿನ್ನೆ ಸೇರಿದವಳೂ ಟೈಲರ್. ಮೇಲಿನ ಮಹಡಿಗೆ ಹತ್ತಲು ಡಿಗ್ರಿ ಕೇಳುತ್ತಾರೆ, ಡಿಗ್ರಿ ಇದ್ದವಳಿಗೆ ಕಾಲರ್ ಕೂರಿಸಲು ಬರುವುದಿಲ್ಲ. ಫ್ಯಾಷನ್ ಬೇರೆ ಗಾರ್ಮೆಂಟ್ಸ್ ಬೇರೆ ಎಂಬ ನಂಬಿಕೆಯಿಂದ ಲಾಭ ಯಾರಿಗೆ ಎಂದು ಈಗ ನೀವೇ ಲೆಕ್ಕ ಹಾಕಿ. ಇಬ್ಬರು ಹುಡುಗಿಯರಿಗಂತೂ ಅಲ್ಲ. ಶೋಷಣೆಯನ್ನು ಖಂಡಿಸುವ ಸಜ್ಜನರು ಕೈಕೆಲಸವನ್ನೇ ಕೀಳೆಂದು ಬಗೆದ ದಿನ, ಗೊತ್ತಿಲ್ಲದೆ ಕಾರ್ಖಾನೆ ಮಾಲೀಕನ ಪರ ವಕಾಲತ್ತು ವಹಿಸಿದ ಹಾಗಾಯಿತು.

ಕೈಕೆಲಸದ ಮೇಲಿನ ಈ ತಾತ್ಸಾರ ಗಾರ್ಮೆಂಟ್ಸ್‌ಗಿಂತ ಹಳೆಯದು. ಹೊಲಿಗೆ, ಬಣ್ಣ ಹಾಕುವುದು ನಮ್ಮಲ್ಲಿ ಸಿಂಪಿಗರ, ಭಾವಸಾರರ ಕುಲಕಸುಬಾಗಿದ್ದವು. ಕಸುಬು ಜಾತಿಗೆ ಅಂಟಿದ ಮೇಲೆ ವಿದ್ಯೆ ಎಂಬ ಹೆಸರು ಅದಕ್ಕೆ ಸಿಗಲೇ ಇಲ್ಲ. ಈಗ ಜಾತಿ ಬಿಟ್ಟು ಎಲ್ಲರೂ ಹೊಲಿಯುತ್ತಾರೆ, ತಾತ್ಸಾರ ಮಾತ್ರ ಹಾಗೇ ಉಳಿದಿದೆ, ಸ್ವಲ್ಪ ಕನಿಕರದ ವೇಷ ತೊಟ್ಟು. ಸರ್ಕಾರದ ಉಚಿತ ಹೊಲಿಗೆ ಯಂತ್ರ ವಿತರಣೆಯ ಫೋಟೊ ಪತ್ರಿಕೆಯಲ್ಲಿ ನೋಡಿರುತ್ತೀರಿ. ಶಾಸಕರು, ಸಾಲಾಗಿ ಯಂತ್ರಗಳು, ಹಿಂದೆ ಕೈಮುಗಿದು ನಿಂತ ಹೆಂಗಸರು. ಫಲಾನುಭವಿಗಳು ಯಾರು? ವಿಧವೆಯರು, ಗಂಡ ಬಿಟ್ಟವರು, ಅಂಗವಿಕಲರು, ಕಡುಬಡವರು. ಅವರಿಗೆ ಸಿಗಬೇಕಾದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ಹೊಲಿಗೆ ಯಂತ್ರವೆಂದರೆ ದಿಕ್ಕಿಲ್ಲದವರ ಪರಿಹಾರ ಎಂಬ ಕಡತದಲ್ಲಿ ಅದನ್ನು ಶಾಶ್ವತವಾಗಿ ಕಟ್ಟಿ ಇಟ್ಟಾಗಿದೆ. ಲ್ಯಾಪ್‌ಟಾಪ್ ಹಂಚುವಾಗ ಈ ಕನಿಕರದ ಧಾಟಿ ಇರುವುದಿಲ್ಲ. ಅದು ಓದಿಗೆ ಕೊಡುವ ಉತ್ತೇಜನ ಎನ್ನಿಸಿಕೊಳ್ಳುತ್ತದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಸೇರಿದೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಸಾಲ ಇದೆ. ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ವರ್ಷಗಳಿಂದ ಹೊಲಿಗೆ ಕಲಿಸುತ್ತ ಬಂದಿದೆ. ಇವೆಲ್ಲ ಒಳ್ಳೆಯವೇ. ಆದರೆ ಮನೆಯಲ್ಲಿ ಕೂತು ನಾಲ್ಕು ಕಾಸು ಸಂಪಾದಿಸಲಿ ಎಂಬಲ್ಲಿಗೆ ಇವುಗಳ ಕಲ್ಪನೆ ನಿಂತುಬಿಡುತ್ತದೆ. ಇಲ್ಲಿಂದ ಒಬ್ಬ ಪ್ಯಾಟರ್ನ್ ಮಾಸ್ಟರ್ ಹೊರಡಬಹುದು, ಸಿನಿಮಾ ವಸ್ತ್ರವಿನ್ಯಾಸಕ್ಕೆ ಒಬ್ಬಳು ಹೋಗಬಹುದು ಎಂದು ಯೋಚಿಸಿದವರು ಕಡಿಮೆ.

ಮಲೆನಾಡಿನ ಮಕ್ಕಳಿಗೆ ಇದಕ್ಕೆ ಬೇಕಾದ ಕಣ್ಣಿಲ್ಲ ಎನ್ನುವವರಿಗೆ ಅಡಿಕೆ ಅಂಗಳಕ್ಕೆ ಬನ್ನಿ ಎನ್ನುತ್ತೇನೆ. ಬೇಯಿಸಿ ಒಣಗಿಸಿದ ರಾಶಿಯ ಮುಂದೆ ಕೂತ ಹೆಂಗಸು ಮಾತಾಡುತ್ತಲೇ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಆರಿಸಿ ಬೇರೆ ಹಾಕುತ್ತಾಳೆ. ಗಾರ್ಮೆಂಟ್ಸ್‌ನ ಕ್ವಾಲಿಟಿ ಇನ್‌ಸ್ಪೆಕ್ಟರ್ ಮಾಡುವುದೂ ಇದೇ ಆರಿಸುವ ಕೆಲಸ, ನಿಯಮಗಳು ಮಾತ್ರ ಪುಸ್ತಕದಲ್ಲಿವೆ. ಎಕ್ಯೂಎಲ್ 2.5 ಎಂಬ ಮಾನದಂಡದಲ್ಲಿ ಸಾವಿರ ಅಂಗಿಗಳ ಲಾಟ್ ಬಂದರೆ 80 ತೆಗೆದು ನೋಡಬೇಕು. ದೋಷದವು ಐದರವರೆಗೆ ಸಿಕ್ಕರೆ ಲಾಟ್ ಪಾಸು, ಆರು ಸಿಕ್ಕರೆ ವಾಪಸು. ಆ ಕೋಷ್ಟಕ ಕಲಿಯಲು ಒಂದು ವಾರ ಸಾಕು. ಒಂದೇ ನೋಟಕ್ಕೆ ಹೊಲಿಗೆ ಬಿಟ್ಟಿರುವುದನ್ನು, ಬಣ್ಣದ ಛಾಯೆ ಬದಲಾದದ್ದನ್ನು ಹಿಡಿಯುವ ಕಣ್ಣು ಬರಲು ವರ್ಷಗಳು ಬೇಕು. ನಮ್ಮಲ್ಲಿ ಆ ಕಣ್ಣು ಮನೆಮನೆಯಲ್ಲಿದೆ, ಕೋಷ್ಟಕ ಇಲ್ಲ.

ಇಷ್ಟು ಹೇಳಿದ ಮೇಲೆ ಮತ್ತೊಂದು ಗುಂಪು ಎದ್ದು ನಿಲ್ಲುತ್ತದೆ. "ಬೆಂಗಳೂರೂ ಬೇಡ, ಗಾರ್ಮೆಂಟ್ಸೂ ಬೇಡ, ಊರಲ್ಲೇ ಬುಟೀಕ್ ಹಾಕಲಿ, ಸ್ವಂತ ಬ್ರ್ಯಾಂಡ್ ಮಾಡಲಿ, ಇನ್‌ಸ್ಟಾಗ್ರಾಂನಲ್ಲಿ ಮಾರಲಿ." ಕೇಳಲು ಹಿತವಾಗಿದೆ. ಇದಕ್ಕೆ ಮಲೆನಾಡಿನದ್ದೇ ದೊಡ್ಡ ಉದಾಹರಣೆ ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿದೆ. ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ 1996ರಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘ. ಹಳ್ಳಿಯ ಹೆಂಗಸರು ನೇಯ್ದರು, ಬಣ್ಣ ಹಾಕಿದರು, ಅಚ್ಚು ಒತ್ತಿದರು, ಹೊಲಿದರು. ‘ದೇಸಿ’ ಹೆಸರಿನ ಮಳಿಗೆಗಳು ಮಾರಿದವು. ಬಣ್ಣಗಳಲ್ಲಿ ಒಂದು ನಮ್ಮ ಅಡಿಕೆ ಚೊಗರಿನದು. ಹಂಡೆಯಲ್ಲಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಆ ಕೆಂಗಂದು ರಸ ಕೈಗೆ ಹತ್ತಿದರೆ ವಾರವಾದರೂ ಹೋಗುವುದಿಲ್ಲವೆಂದು ಬೈದುಕೊಳ್ಳುತ್ತಿದ್ದೆವಲ್ಲ, ಅದನ್ನೇ ಅವರು ನೂಲಿಗೆ ಹತ್ತಿಸಿದರು. ಬೆಂಗಳೂರಿನ ಓದಿದ ಜನ ಆ ಬಣ್ಣದ ಕುರ್ತಾ ತೊಟ್ಟು ಸಭೆಗಳಿಗೆ ಹೋದರು. ಸೀತೂರಿನ ಕಡೆಯ ಅಂಗಳಗಳಲ್ಲೂ ಅದೇ ಚೊಗರು ಇದೆ, ಅದರಿಂದ ಅಂಗಿ ಆಗಬಹುದು ಎಂಬ ಯೋಚನೆಯಷ್ಟೇ ಇರಲಿಲ್ಲ.

ಚರಕ ನನ್ನ ವಾದಕ್ಕೆ ಸಾಕ್ಷಿ: ಅಲ್ಲಿ ಕಲ್ಪಿಸುವವರು ಮತ್ತು ಹೊಲಿಯುವವರು ಒಂದೇ ಸೂರಿನಡಿ ಇದ್ದರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಆದರೆ ಅದೇ ಚರಕ 2020ರಲ್ಲಿ ತಾನು ಆರ್ಥಿಕವಾಗಿ ದಿವಾಳಿಯಾಗಿದ್ದೇನೆ ಎಂದು ತಾನೇ ಸಾರಬೇಕಾಯಿತು. ಸರ್ಕಾರದಿಂದ ಬರಬೇಕಾದ ಹಣ ಬಂದಿರಲಿಲ್ಲ, ಕೊರೊನಾ ಬಂದಿತ್ತು. ಎರಡು ದಶಕ ದಾಟಿದ, ಹೆಸರಿರುವ, ಹಿಂದೆ ಜನಬೆಂಬಲ ಇರುವ ಸಂಸ್ಥೆಯ ಪಾಡು ಹೀಗಾದರೆ, ನಿನ್ನೆ ಕೋರ್ಸು ಮುಗಿಸಿ ಬಂದ ಇಪ್ಪತ್ತೊಂದರ ಹುಡುಗಿಗೆ "ಬುಟೀಕ್ ಹಾಕು" ಎನ್ನುವವರು ಅವಳ ಅಪ್ಪನ ತೋಟವನ್ನು ಪಣಕ್ಕಿಡುತ್ತಿದ್ದಾರೆ. ಬ್ರ್ಯಾಂಡ್ ಮಾಡುವವಳು ಮೊದಲು ಐದಾರು ವರ್ಷ ಬೇರೆಯವರ ಲೈನಿನಲ್ಲಿ, ಬೇರೆಯವರ ದುಡ್ಡಿನಲ್ಲಿ ತಪ್ಪು ಮಾಡಿ ಕಲಿಯಲಿ.

ಹಾಗಂತ ಕೈಯಲ್ಲಿ ಕೆಲಸ ಮಾಡುವವರು ಉದ್ಯಮ ನಡೆಸಲಾರರು ಎಂಬ ಮಾತನ್ನು ಕೊಪ್ಪದಲ್ಲಿ ನಿಂತು ಹೇಳುವ ಧೈರ್ಯ ಮಾತ್ರ ಯಾರೂ ಮಾಡಬಾರದು. ಶಂಕರ್ ಟ್ರಾನ್ಸ್‌ಪೋರ್ಟ್ ಎಂಬ ಬಸ್ ಕಂಪನಿ ಮುಚ್ಚಿದಾಗ ಅದರ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರವರೆಗೆ ಈ ಘಟ್ಟದ ಊರುಗಳಿಗೆ ಬಸ್ಸು ಓಡಿಸಿತು. ಮುಚ್ಚಿಹೋಯಿತಲ್ಲ ಎನ್ನಬಹುದು. ಹೌದು, ಸುಮಾರು ಮೂರು ದಶಕ ಓಡಿ ಮುಚ್ಚಿತು. ಎಂಬಿಎ ಮಾಡಿದವರ ಎಷ್ಟು ಕಂಪನಿಗಳು ಅಷ್ಟು ವರ್ಷ ಓಡಿವೆ?

ಹಾಗಾದರೆ ಕೆಲಸ ಹುಡುಕುವವಳು ಮಾಡಬೇಕಾದ್ದೇನು? ಪಿಯುಸಿಯ ರಜೆಯಲ್ಲೇ ಊರಿನ ಟೈಲರ್ ಬಳಿ ಕೂತು ಒಂದು ಲೈನಿಂಗ್ ಬ್ಲೌಸ್, ಒಂದು ಶರ್ಟು ಪೂರ್ತಿ ಹೊಲಿಯಲು ಕಲಿಯಬೇಕು. ಅದು ಬೇಸರ ತರಿಸಿದರೆ ಈ ಉದ್ಯಮ ತನಗಲ್ಲ ಎಂದು ಹತ್ತು ಲಕ್ಷ ಕಳೆಯುವ ಮೊದಲೇ ಗೊತ್ತಾಗುತ್ತದೆ. ಡಿಪ್ಲೊಮಾ, ಡಿಗ್ರಿ ಯಾವುದನ್ನೇ ಮಾಡಿದರೂ ಮೊದಲ ಕೆಲಸವನ್ನು ಕಾರ್ಖಾನೆಯ ಸ್ಯಾಂಪಲ್ ವಿಭಾಗದಲ್ಲಿ ಹುಡುಕಬೇಕು, ಸಂಬಳ ಎರಡು ಸಾವಿರ ಕಡಿಮೆಯಾದರೂ ಸರಿ. ಇಡೀ ಉಡುಪು ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಕಣ್ಣಿಗೆ ಬೀಳುವುದು ಅಲ್ಲಿ ಮಾತ್ರ. ಬೆಂಗಳೂರೇ ಆಗಬೇಕೆಂದಿಲ್ಲ, ಶಿವಮೊಗ್ಗದ ಮಾಚೇನಹಳ್ಳಿಯಲ್ಲೂ ದೊಡ್ಡ ಘಟಕವಿದೆ, ಹಾಸನದಲ್ಲೂ ಇವೆ. ಇಂಟರ್ನ್‌ಶಿಪ್ ಹೆಸರಿನಲ್ಲಿ ಆರು ತಿಂಗಳು ಬಿಟ್ಟಿ ದುಡಿಸಿಕೊಳ್ಳುವ ಸ್ಟುಡಿಯೋಗಳಿಗೆ, ಅಲ್ಲಿ ಎಷ್ಟೇ ಸಿನಿಮಾ ತಾರೆಯರು ಬಂದು ಹೋಗಲಿ, ದೂರದಿಂದಲೇ ನಮಸ್ಕಾರ ಹೇಳಬೇಕು. ಮೆಷಿನ್ ಮೇಲೆ ಕೂತವಳು ಕೂತಲ್ಲೇ ಇರಬಾರದು. ಒಂದು ಕಾರ್ಯಾಚರಣೆಯಿಂದ ಇನ್ನೊಂದಕ್ಕೆ, ಪಾಕೆಟ್‌ನಿಂದ ಕಾಲರ್‌ಗೆ, ಕಾಲರ್‌ನಿಂದ ತೋಳಿಗೆ ಬದಲಾಯಿಸಿಕೊಡಿ ಎಂದು ಹಟ ಹಿಡಿಯಬೇಕು, ಭಾನುವಾರ ಪ್ಯಾಟರ್ನ್ ಸಾಫ್ಟ್‌ವೇರ್ ಕಲಿಯಬೇಕು. ಸುಲಭ ಅಂತ ನಾನು ಹೇಳುವುದಿಲ್ಲ. ಎಂಟು ಗಂಟೆ ಹೊಲಿದು, ಎರಡು ಗಂಟೆ ಬಸ್ಸಿನಲ್ಲಿ ನಿಂತು ಬಂದವಳಿಗೆ ಭಾನುವಾರ ಬಟ್ಟೆ ಒಗೆಯುವುದೇ ಆಗುತ್ತದೆ. ಅದಕ್ಕೇ ಈ ಕಲಿಕೆಯನ್ನು ಕಾರ್ಖಾನೆಯ ಹೊತ್ತಿನೊಳಗೇ, ಸಂಬಳ ಸಹಿತ ಕೊಡಬೇಕೆಂದು ಕಾರ್ಮಿಕ ಸಂಘಗಳು ಕೇಳಬೇಕು, ಜವಳಿ ನೀತಿಯ ಹೆಸರಿನಲ್ಲಿ ಸಬ್ಸಿಡಿ ಕೊಡುವ ಸರ್ಕಾರ ಅದನ್ನು ಷರತ್ತಾಗಿ ಹಾಕಬೇಕು. ರಾಜ್ಯದ ಜವಳಿ ನೀತಿಗಳು ಐದೈದು ವರ್ಷಕ್ಕೊಮ್ಮೆ ಹೊಸ ಹೆಸರಿನಲ್ಲಿ ಬರುತ್ತವೆ, ಎಷ್ಟು ಉದ್ಯೋಗ ಎಂದು ಹೇಳುತ್ತವೆ. ಎಷ್ಟು ಟೈಲರ್‌ಗಳು ಮೇಲಿನ ಹುದ್ದೆಗೆ ಹೋದರು ಎಂಬ ಲೆಕ್ಕವನ್ನೂ ಸಬ್ಸಿಡಿ ಪಡೆದವರಿಂದ ಕೇಳಲಿ.

ಅಪ್ಪಂದಿರಿಗೂ ಒಂದು ಮಾತು. ಮುಂದಿನ ಸಲ ಕರಪತ್ರ ಹಿಡಿದ ಮನುಷ್ಯ ಮನೆ ಬಾಗಿಲಿಗೆ ಬಂದಾಗ ಕಾಫಿ ಕೊಡಿ, ಕೂರಿಸಿ. ಆಮೇಲೆ ಕೇಳಿ: ನಿಮ್ಮಲ್ಲಿ ಹೊಲಿಗೆ ಯಂತ್ರ ಎಷ್ಟು, ವಿದ್ಯಾರ್ಥಿಗಳು ಎಷ್ಟು? ಕಟಿಂಗ್ ಕಲಿಸುವ ಮೇಷ್ಟ್ರು ಯಾರು, ಅವರು ಯಾವ ಕಾರ್ಖಾನೆಯಲ್ಲಿ ಎಷ್ಟು ವರ್ಷ ಇದ್ದರು? ಹೋದ ವರ್ಷ ಪಾಸಾದವರಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ, ಯಾವ ಕಂಪನಿ, ಯಾವ ಹುದ್ದೆ, ಕೈಗೆ ಬರುವ ಸಂಬಳ ಎಷ್ಟು? ಅವರಲ್ಲಿ ಮೂವರ ಫೋನ್ ನಂಬರ್ ಕೊಡಿ, ನಾವೇ ಮಾತಾಡುತ್ತೇವೆ. ಉತ್ತರ ಸಿಗುವವರೆಗೆ ಚೆಕ್ಕಿಗೆ ಸಹಿ ಹಾಕಬೇಡಿ.